ಬಂಡೆಯ ಮೇಲಿಂದ ಚಾಚಿದ ಕೈ

ಅಜ್ಜನಿಗೆ ಅರುಳುಮರುಳು ಎಂದು ನಗುವವರು ಸ್ವಲ್ಪ ಬಾಯಿ ಮುಚ್ಚಿ ಕೇಳಿ, ನನಗೆ ಎಲ್ಲ ನೆನಪುಂಟು. ಮೂಡುಬಿದಿರೆಯ ಕೊಣಾಜೆ ಕಲ್ಲಿನ ತುದಿಗೆ ಇನ್ನೊಂದೇ ಬಂಡೆ ಬಾಕಿ. ಸಾತ್ವಿಕಾ ಹಲ್ಲಿಯ ಹಾಗೆ ಅದಕ್ಕೆ ಅಂಟಿಕೊಂಡಿದ್ದಳು. ಮೇಲಿಂದ ಎರಡು ಕೈ ಚಾಚಿದವು: ಒಂದು ಗಂಡ ಮನೀಷನದು, ಇನ್ನೊಂದು ಅವಳ ಸೋದರಮಾವನ ಮಗ ಶ್ರವಣನದು.

ಹಿಂದೆ ಮನೆಯವರು ಅವಳನ್ನು ಕೊಡುವುದೆಂದು ಮಾತಾಡಿಕೊಂಡದ್ದು ಈ ಶ್ರವಣನಿಗೇ. ಬೆಳಗಿನಿಂದ ಅವಳು "ಭಾವ, ಭಾವ" ಎಂದು ನಗುತ್ತಾ ಅವನ ಹಿಂದೆಯೇ ಹತ್ತಿದ್ದಕ್ಕೆ ಮನೀಷನ ಹೊಟ್ಟೆಯೊಳಗೆ ಗಾಂಧಾರಿ ಮೆಣಸು ಅರೆದ ಹಾಗಾಗಿತ್ತು. ಈಗ ಅವಳು ಎರಡೂ ಕೈಗಳನ್ನು ನೋಡಿ, ಶ್ರವಣನ ಕೈಯನ್ನೇ ಹಿಡಿದು ಮೇಲೆ ಬಂದಳು.

"ನನ್ನ ಕೈಗೆಂತ ಕಜ್ಜಿ ಆಗಿತ್ತಾ?" ಮನೀಷ್ ಅವಳ ಮುಖ ನೋಡದೆ ಕೇಳಿದ.

"ನಿಮ್ಮ ಮಂಡೆ ಸಮ ಉಂಟಾ ಮಾರಾಯ್ರೆ?" ಏದುಸಿರಿನಲ್ಲೇ ಬೈದಳು ಅವಳು. "ನಾನು ಜಾರಿದ್ರೆ ಕೈ ಕೊಟ್ಟವರೂ ಬೀಳ್ತಾರೆ. ಭಾವ ಬಿದ್ರೆ ಬೀಳ್ಲಿ, ನೀವು ಯಾಕೆ ಬೀಳ್ಬೇಕು?"

ಅವಳ ಕೈಯನ್ನು ಇನ್ನೂ ಹಿಡಿದುಕೊಂಡೇ ಇದ್ದ ಶ್ರವಣ್ ಮೆಲ್ಲಗೆ ಬಿಟ್ಟ. ಈಗ ಹುಳಿ ತಿಂದ ಹಾಗಾದದ್ದು ಅವನ ಮುಖ. ಹೊಟ್ಟೆಕಿಚ್ಚಿನ ಗಂಡಂದಿರ ಗುರುತಿದ್ದರೆ ಅವರಿಗೆ ಇದನ್ನು ಕಳಿಸಿ. ಭಾವಂದಿರಿಗೂ ಒಂದು ಹೋಗಲಿ.