ಪಾಸ್‌ವರ್ಡಿನ ಸುಳಿವು

ಮಗಳು ತೀರಿಕೊಂಡ ಮೂರು ತಿಂಗಳಿಗೆ ಅವಳ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಅಪ್ಪ ರಿಪೇರಿ ಅಂಗಡಿಗೆ ಬಂದ. ಮನೆಯಲ್ಲಿ ಅವಳದೊಂದೂ ಫೋಟೊ ಇರಲಿಲ್ಲ, ಇದ್ದವೆಲ್ಲ ಅದರೊಳಗೇ.

ಅಂಗಡಿಯವನು ಹೊಸ ಬ್ಯಾಟರಿ ಹಾಕಿದ. ಪರದೆ ಬೆಳಗಿತು, ಪಾಸ್‌ವರ್ಡ್ ಕೇಳಿತು.

“ಗೊತ್ತಾ ಯಜಮಾನ್ರೇ?”

“ಅವಳಮ್ಮನ ಹೆಸರು ಹಾಕಿ ನೋಡಪ್ಪ. ಪುಟ್ಟತಾಯಮ್ಮ.”

ಆಗಲಿಲ್ಲ. ಸಾಕಿದ ನಾಯಿಯ ಹೆಸರು ಹೇಳಿದ, ಓದಿದ ಕಾಲೇಜಿನದು ಹೇಳಿದ, ಕೊನೆಗೆ ಸಂಕೋಚಪಡುತ್ತಾ ತನ್ನದನ್ನೂ ಹೇಳಿದ. ಯಾವುದಕ್ಕೂ ತೆರೆಯಲಿಲ್ಲ.

“ಎಲ್ಲ ಅಳಿಸಿ ಹೊಸದರ ಹಾಗೆ ಮಾಡಿಕೊಡ್ತೀನಿ. ಆದ್ರೆ ಒಳಗಿರೋದು ಏನೂ ಉಳಿಯಲ್ಲ.”

“ಇದನ್ನ ಕಟ್ಕೊಂಡು ನಾನೇನು ಮಾಡ್ಲಪ್ಪ? ನಂಗೆ ಅವಳ ಮುಖ ಬೇಕು.”

ಅಂಗಡಿಯವನು ಬಗ್ಗಿ ನೋಡಿದ. “ತಡೀರಿ. ಮರೆತರೆ ಇರಲಿ ಅಂತ ಅವರೇ ಒಂದು ಸುಳಿವು ಬರೆದಿಟ್ಟಿದ್ದಾರೆ. ‘ಈ ಮನೇಲಿ ಎತ್ತಬೇಡ ಅಂತ ಅಪ್ಪ ಅಂದ ಹೆಸರು.’ ಹಾಗಾದ್ರೆ ನಿಮಗೆ ಗೊತ್ತೇ ಇರ್ಬೇಕಲ್ಲ. ಹೇಳಿ, ಹಾಕ್ತೀನಿ.”

ಅಪ್ಪ ಟವೆಲನ್ನು ಮಡಿಲಿಗೆ ಎಳೆದುಕೊಂಡ.

“ಒಬ್ಬನನ್ನ ಮದುವೆ ಆಗ್ತೀನಿ ಅಂದಿದ್ಲು. ಹೆಸರು ಹೇಳೋಕೆ ಬಾಯಿ ತೆಗೆದ್ಲು, ನಾನು ಹೇಳೋಕೇ ಬಿಡಲಿಲ್ಲ.”