ಹೊಸ ಸಿಮ್ಮಿನ ಪರೀಕ್ಷೆ

ಊರಾಚೆಯ ಮನೆಯಲ್ಲಿ ಅವ್ವ ಮತ್ತು ದಿನ ತುಂಬಿದ ಹೆಂಡತಿ ನೀಲಾ, ಇಬ್ಬರೇ. ದೊಡ್ಡ ಕಂಪನಿಯ ಸಿಮ್ಮಿಗೆ ಅಲ್ಲಿ ಸಿಗ್ನಲ್ಲೇ ಇಲ್ಲ. ನೋವು ಬಂದಾಗ ಫೋನು ಹತ್ತದಿದ್ದರೆ ಗತಿಯೇನೆಂದು ಟಂಟಂ ಆಟೋ ಓಡಿಸುವ ಫಕೀರೇಶನಿಗೆ ನಿದ್ದೆಯಿರಲಿಲ್ಲ.

ಅಂಗಡಿಯವ ಸಣ್ಣ ಕಂಪನಿಯದೊಂದು ಸಿಮ್ ಕೊಟ್ಟಿದ್ದ. "ಕರಾರು ಗಿರಾರು ಏನಿಲ್ರಿ. ಹಿಡಿಸಲಿಲ್ಲಂದ್ರ ಮತ್ತ ರೀಚಾರ್ಜ್ ಮಾಡಿಸಬ್ಯಾಡ್ರಿ."

ಅದನ್ನು ಹೆಂಡತಿಯ ಫೋನಿಗೆ ಹಾಕಿ, ಪರೀಕ್ಷೆಗೆಂದು ಹೇಳಬೇಕಾದ ಮಾತನ್ನೂ ಕಲಿಸಿ ಬಂದು, ಅಂಗಡಿಯಿಂದಲೇ ಕರೆ ಮಾಡಿದ.

"ಬ್ಯಾನಿ ಶುರು ಆಗ್ಯಾವ್ರೀ, ಲಗೂನ ಬರ್ರಿ," ಎಂದಳು ಅಡುಗೆಮನೆಯಿಂದ. ದನಿ ಕಡಿಕಡಿದು ಬಂತು.

ಫಕೀರೇಶ ಅಂಗಡಿಯವನನ್ನು ದುರುಗುಟ್ಟಿ ನೋಡಿದ. "ಹಿಂಗಾದ್ರ ನಡಿಯೂದಿಲ್ಲ. ಏ ನೀಲಾ, ಹಿತ್ತಲಕ್ಕ ಹೋಗಿ ಹೇಳು."

"ಬ್ಯಾನಿ... ಶುರು ಆಗ್ಯಾವ್ರೀ..."

"ಹಾಂ, ಈಗ ಸ್ವಚ್ಛ ಕೇಳತೈತಿ!" ಅವನು ಸ್ಪೀಕರ್ ಹಾಕಿದ. "ಏದುಸಿರು ಸೈತ ಕೇಳತೈತಿ ನೋಡ್ರಿ! ನೀಲಾ, ಇನ್ನೊಮ್ಮೆ ಕೊಟ್ಟಿಗಿಯಿಂದ ಹೇಳು."

ಆ ಕಡೆ ಮಾತಿಲ್ಲ. ಸಿಗ್ನಲ್ ಹೋಯಿತೆಂದು ಅವನು ಫೋನನ್ನು ಮೇಲೆತ್ತಿ ಹಿಡಿದ. ಅಷ್ಟರಲ್ಲಿ ಅವ್ವನ ದನಿ ಅಂಗಡಿ ತುಂಬ ಕೇಳಿತು:

"ಪರೀಕ್ಷಾ ಸಾಕ್ ಮಾಡೋ ಮಂಗ್ಯಾ, ಗಾಡಿ ತಗೊಂಡು ಬಾ!"