ಗುಲ್ಮಾರ್ಗೋ, ಔಲಿಯೋ?

ನಾಗಲಿಂಗ ನಾಲ್ಕನೇ ಸಲ ಬಿದ್ದ. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯ ಹಿಂದೆ ಸುರಿದ ಕಲ್ಲುಪುಡಿಯ ಬಿಳಿ ಗುಡ್ಡೆ, ಕಾಲಿಗೆ ಕಟ್ಟಿಕೊಂಡ ಎರಡು ಹಲಗೆ, ಬಾಯಿ ತುಂಬ ಪುಡಿ. ಹಿಮವನ್ನು ಫ್ರಿಜ್ಜಿನೊಳಗೆ ಮಾತ್ರ ಕಂಡವನಿಗೆ ಇದೆಂಥ ಹುಚ್ಚು ಎನ್ನಬೇಡಿ. ಮರುದಿನ ಕನ್ಯೆ ನೋಡಲು ಹೋಗಬೇಕಿತ್ತು.

ಕನ್ಯೆ ಬಾದಾಮಿಯ ಶೀಲಾ. ಫೋಟೋ ನೋಡಿದ ದಿನದಿಂದ ಇವನಿಗೆ ಊಟ ಸೇರದು. ಆದರೆ ಅವಳ ಬಯೋಡೇಟಾದ ಕೊನೆಯಲ್ಲಿ ‘ಹವ್ಯಾಸ: ಸ್ಕೀಯಿಂಗ್’ ಎಂದಿತ್ತು. ಸಾಲದ್ದಕ್ಕೆ ಇವನದರಲ್ಲೂ ಅದೇ ಇತ್ತು! ಎರಡನ್ನೂ ಮಾಡಿಸಿ ತಂದವನು ಸಂಬಂಧ ಕೂಡಿಸುವ ಅಂದಪ್ಪ.

“ಇದೇನ್ರಿ ಕಾಕಾ, ನಾ ಎಲ್ಲಿ ಹಿಮದಾಗ ಜಾರೇನಿ?”

ಅಂದಪ್ಪ ಹಾಳೆಯನ್ನು ಕೈಯುದ್ದ ದೂರ ಹಿಡಿದು ನೋಡಿ, ನಕ್ಕು, ಮಡಚಿಟ್ಟ. “ಸಾವಿರ ಸುಳ್ಳ ಹೇಳಿ ಒಂದ ಲಗ್ನ ಮಾಡು ಅಂತಾರ. ನೀ ಒಂದಕ್ಕ ಹೆದರ್ತಿ ಏನಲೇ?”

ಹುಡುಗಿಗೆ ಹೊಂದಲೆಂದು ಕಾಕಾ ಸೇರಿಸಿದ್ದಾನೆ ಎಂದುಕೊಂಡ ನಾಗಲಿಂಗ. ಇನ್ನು ಕಲಿಯದೆ ವಿಧಿಯಿಲ್ಲ. ವಾರವಿಡೀ ವಿಡಿಯೊ ನೋಡಿದ, ಬಿದ್ದ, ಎದ್ದ, ಮತ್ತೆ ಬಿದ್ದ.

ಬಾದಾಮಿಯಲ್ಲಿ ಅವಲಕ್ಕಿ ಬಂತು, ಚಹಾ ಬಂತು, ಶೀಲಾ ಬಂದಳು. ಫೋಟೋ ಏನೇನೂ ಅಲ್ಲ! ಅವಳ ಅಪ್ಪ ಶಂಕರಲಿಂಗ ನೇರವಾಗಿ ವಿಷಯಕ್ಕೇ ಬಂದರು.

“ಲಗ್ನ ಆದಮ್ಯಾಲೆ ಎಲ್ಲಾರೂ ಕೂಡಿ ಹಿಮಕ್ಕ ಹೋಗೂಣ. ನಮ್ಮಾಕಿಗೆ ಜಾರೂದಂದ್ರ ಅಂಜಿಕಿ. ಮಗ ಈಗ ಕಲಿಯಾಂವ. ನೀವಿಬ್ಬರೂ...” ಅವರು ಯಾಕೋ ಕೆಮ್ಮಿದರು. “ಪಳಗಿದವರು. ಯಾವ ಊರು ಚಲೋ?”

ನಾಗಲಿಂಗ ಕಣ್ಣು ಮುಚ್ಚಿ ಒಪ್ಪಿಸಿದ. “ಸೋಲಂಗ್ ಹೊಸಬರಿಗ್ರಿ. ಔಲಿ ಇಳಿಜಾರು ಸಾವಕಾಶ, ಕಲಿಯಾವರಿಗೆ ಚಲೋ. ಮೂರೂ ನಮೂನಿ ಮಂದಿ ಇದ್ದರ ಗುಲ್ಮಾರ್ಗ. ಕೆಳಗ ಬಯಲಾಗ ಅತ್ತಿಯಾರು, ನಡುವ ತಮ್ಮ. ರೋಪ್‌ವೇ ಏರಿ ತುದಿಯಿಂದ ನಾವಿಬ್ಬರು.”

ಲಗ್ನಕ್ಕೆ ಮೊದಲೇ ‘ಅತ್ತಿಯಾರು’! ಮನೆಯೆಲ್ಲ ಘೊಳ್ಳೆಂದು ನಕ್ಕಿತು. ಶೀಲಾ ಮಾತ್ರ ನಗಲಿಲ್ಲ. ಅವಳ ಮುಖ ಬಿಳುಚಿತು. ಪಳಗಿದವಳಲ್ಲವೇ, ತನ್ನ ಬಣ್ಣ ಬಯಲಾಯಿತು ಎಂದುಕೊಂಡ ನಾಗಲಿಂಗ.

ಮಾತಾಡಿಕೊಳ್ಳಲಿ ಎಂದು ಹಿರಿಯರು ಇಬ್ಬರನ್ನೂ ಮಾಳಿಗೆಗೆ ಕಳಿಸಿದರು. ಅವಳ ಮೊಣಕೈಗೆ ಪಟ್ಟಿ ಸುತ್ತಿತ್ತು. ಎಂಥೆಂಥ ತುದಿಯಿಂದ ಹಾರಿದವಳೋ! ಇನ್ನು ತಡೆಯಲಾಗಲಿಲ್ಲ.

“ಖರೆ ಹೇಳಿಬಿಡ್ತೇನ್ರಿ. ನಾ ಹಿಮಾನ ಕಂಡಿಲ್ಲ. ನೀವು ಭಾಳ ಮನಸ್ಸಿಗೆ ಬಂದೀರಿ, ಅದಕ್ಕ ಸುಳ್ಳ ಹೇಳಿದೆ. ಒಲ್ಲೆ ಅಂದ್ರೂ ತಪ್ಪಿಲ್ಲ.”

ಶೀಲಾ ಕಣ್ಣರಳಿಸಿ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಕುಳಿತೇಬಿಟ್ಟಳು.

“ಅಯ್ಯ ಶಿವನ! ನಾನೂ ಕಂಡಿಲ್ರಿ! ನಿಮಗ ಹೊಂದ್ಲಿ ಅಂತ ಕಾಕಾನ ಬರಿಸ್ಯಾನ ಅಂದ್ಕೊಂಡೆ. ಎಂಟು ದಿನ ಆತು, ಗುಡ್ಡದ ಬಂಡಿಗಲ್ಲಿನ ಮ್ಯಾಲೆ ರಟ್ಟು ಹಾಸಿ ಜಾರಾಕತ್ತೇನಿ. ನೋಡ್ರಿ ಕೈ!”

ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು. “ಹಂಗಾರ ಏನಂತೀರಿ?” ಎಂದ ನಾಗಲಿಂಗ.

“ಹೂಂ ಅಂತೇನಿ. ಮೊದಲ ಆ ಕಾಕಾನ ಕೇಳೂಣ ಬರ್ರಿ.”

ಕೆಳಗೆ ಅಂದಪ್ಪ ಅವಲಕ್ಕಿಯ ಎರಡನೇ ತಟ್ಟೆಯಲ್ಲಿದ್ದ. ‘ಈ ಸ್ಕೀಯಿಂಗ್ ಮೊದಲ ಯಾರದರಾಗ ಬರಿಸಿದ್ರಿ?’ ಎಂದು ಶೀಲಾ ಕೇಳಿದರೆ ಪಿಳಿಪಿಳಿ ನೋಡಿದ.

“ನಾ ಏನ್ ಬರಿಸಲಿ ತಂಗಿ? ಚಷ್ಮಾ ಇಲ್ದ ನನಗ ಅಕ್ಷರ ಕಾಣಂಗಿಲ್ಲ. ಹೆಸರು, ವಯಸ್ಸು, ಎತ್ತರ ಕೊಡ್ತೇನಿ. ಟೈಪಿಂಗ್ ಅಂಗಡಿ ಫಕ್ರುಸಾಬ ಕಂಪ್ಯೂಟರದಾಗ ಯಾರದೋ ಹಳೇ ಬಯೋಡೇಟಾ ಇಟ್ಟಾನ, ಅದರಾಗ ಅಷ್ಟ ಬದಲ ಮಾಡ್ತಾನ.”

ಶೀಲಾ ಅವನ ಚೀಲದ ಬಯೋಡೇಟಾಗಳನ್ನೆಲ್ಲ ಜಮಖಾನೆಯ ಮೇಲೆ ಸುರಿದಳು. ತುಳಸಿಗೇರಿಯ ಅರವತ್ತರ ವಿಧುರ ಹುಲ್ಲಪ್ಪನಿಂದ ಹಿಡಿದು ಐಹೊಳೆಯ ನರ್ಸ್ ಸುರೇಖಾಳವರೆಗೆ, ಮದುವೆಗೆ ಕಾದಿದ್ದ ಎಲ್ಲ ನಲವತ್ತು ಮಂದಿಯ ಹವ್ಯಾಸವೂ ಸ್ಕೀಯಿಂಗ್.